ನೋವು ಹೋದ ಮೇಲಿನ ಮದ್ದು

ಚನ್ನರಾಯಪಟ್ಟಣದಿಂದ ತಿಪಟೂರಿನ ದಾರಿ ಹಿಡಿದರೆ ಎರಡೂ ಕಡೆ ತೆಂಗಿನ ತೋಟ. ಆ ತೋಟಗಳ ನಡುವೆ ನುಗ್ಗೇಹಳ್ಳಿ. ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ನೋಡಲು ಹೊರಗಿನವರು ಬರುತ್ತಾರೆ. ಊರಿನವರ ಮಾತು ಹೆಚ್ಚಾಗಿ ಕೊಬ್ಬರಿ ಧಾರಣೆ, ಕೊಳವೆಬಾವಿ, ಹಾಲಿನ ಡೇರಿಯ ಸುತ್ತಲೇ ಇರುತ್ತದೆ. ಈಚಿನ ವರ್ಷಗಳಲ್ಲಿ ಆ ಮಾತಿನೊಳಗೆ ಇನ್ನೊಂದು ಹೆಸರು ನುಸುಳಿದೆ: ಯೂರಿಕ್ ಆಸಿಡ್. ಕಾಲು ಊದಿದವರಿಗೂ ಅದೇ, ಮಂಡಿ ಹಿಡಿದವರಿಗೂ ಅದೇ, ಸೊಂಟ ನೋಯುವವರಿಗೂ ಅದೇ.

ಅಂಥ ಒಂದು ಮಾತು ಸಂಜೆಯ ಜಗಲಿಯೊಂದರ ಮೇಲೆ ಶುರುವಾಯಿತು. ಕೂತಿದ್ದವರು ಮೂವರು. ಒಬ್ಬರು ಐವತ್ತು ದಾಟಿದ ತೆಂಗು ಬೆಳೆಗಾರ. ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಮೂರನೆಯವರು ಇದೇ ಸೀಮೆಯಲ್ಲಿ ಹುಟ್ಟಿ, ಕೀಲುರೋಗಗಳ ಚಿಕಿತ್ಸೆಯಲ್ಲಿ ಪರಿಣತಿ ಪಡೆದು, ಹಬ್ಬಕ್ಕೆ ಊರಿಗೆ ಬಂದಿದ್ದ ವೈದ್ಯೆ. ಬೆಳೆಗಾರರ ಕೈಯಲ್ಲಿ ರಕ್ತ ಪರೀಕ್ಷೆಯ ಚೀಟಿ ಇತ್ತು, ಅದರಲ್ಲಿ ಯೂರಿಕ್ ಆಸಿಡ್ 8.9. ಮೇಷ್ಟ್ರ ಜೇಬಿನಲ್ಲೂ ಒಂದು ಚೀಟಿ ಇತ್ತು, ಅದರಲ್ಲಿ 7.4.

“ನಂದು ಶುರುವಾಗಿದ್ದು ನಡುರಾತ್ರಿ ಕಣಮ್ಮ,” ಅಂದರು ಬೆಳೆಗಾರ. “ಹಿಂದಿನ ದಿನ ಬೀಗರ ಊಟ, ಚೆನ್ನಾಗೇ ಇದ್ದೆ. ರಾತ್ರಿ ಎದ್ದು ನೋಡಿದ್ರೆ ಎಡಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದ್ಕೊಂಡಿದೆ. ಕಂಬಳಿ ತಾಕಿದ್ರೂ ತಡೆಯಕ್ಕಾಗ್ತಿರ್ಲಿಲ್ಲ. ಒಂದು ವಾರದಲ್ಲಿ ತಾನೇ ಹೋಯ್ತು. ಮೊದಮೊದಲು ವರ್ಷಕ್ಕೊಂದು ಸಲ ಬರೋದು. ಈಗ ಎರಡು ಮೂರು ತಿಂಗಳಿಗೊಂದು ಸಲ. ಬಂದಾಗ ಒಂದು ಇಂಜೆಕ್ಷನ್ ಚುಚ್ಚಿಸ್ಕೋತೀನಿ, ನೋವು ಹೋದ್ಮೇಲೆ ಮಾತ್ರೆಗೀತ್ರೆ ಏನೂ ಇಲ್ಲ.”

“ನನ್ನದು ಬೇರೆ ಕತೆ,” ಅಂದರು ಮೇಷ್ಟ್ರು. “ಕಾಲು ಊದಿಲ್ಲ, ಕೆಂಪಾಗಿಲ್ಲ. ಮೆಟ್ಟಿಲು ಹತ್ತುವಾಗ ಮಂಡಿ ನೋಯುತ್ತದೆ, ಅಷ್ಟೆ. ಎಲ್ಲ ಸೇರಿಸಿ ಮಾಡುವ ಪರೀಕ್ಷೆ ಮಾಡಿಸಿದೆ, 7.4 ಬಂತು. ಅವತ್ತಿನಿಂದ ದಿನಾ ಫೆಬುಕ್ಸೊಸ್ಟಾಟ್ ಮಾತ್ರೆ. ಸೊಪ್ಪು, ಕಾಳು, ಟೊಮೆಟೊ ಎಲ್ಲ ಬಿಟ್ಟಿದ್ದೇನೆ.”

ವೈದ್ಯೆ ಎರಡೂ ಚೀಟಿ ನೋಡಿದರು. “ಮದ್ದು ಅದಲುಬದಲಾಗಿದೆ. ದಿನಾ ಮಾತ್ರೆ ಬೇಕಾಗಿದ್ದದ್ದು ಅಣ್ಣನಿಗೆ. ಮೇಷ್ಟ್ರಿಗೆ ಬಹುಶಃ ಅದರ ಅಗತ್ಯವೇ ಇರಲಿಲ್ಲ.”

ಇಬ್ಬರೂ ಒಪ್ಪಲಿಲ್ಲ. ನೋವಿಲ್ಲದಾಗ ಮಾತ್ರೆ ಏಕೆ ಎಂದು ಒಬ್ಬರು ಕೇಳಿದರೆ, ಅಂಕಿ ಹೆಚ್ಚಿದ್ದರೂ ಮಾತ್ರೆ ಬೇಡವೆಂದರೆ ಹೇಗೆ ಎಂದು ಇನ್ನೊಬ್ಬರು ಕೇಳಿದರು.

“ಮೊದಲು ಮೈಯೊಳಗೆ ಏನಾಗುತ್ತದೆ ಅಂತ ನೋಡೋಣ,” ಅಂದರು ವೈದ್ಯೆ. “ನಮ್ಮ ಜೀವಕೋಶಗಳಲ್ಲಿ ಪ್ಯೂರಿನ್ ಎಂಬ ವಸ್ತು ಇದೆ. ಅದು ಒಡೆದಾಗ ಯೂರಿಕ್ ಆಸಿಡ್ ಆಗುತ್ತದೆ. ಊಟದಿಂದಲೂ ಸ್ವಲ್ಪ ಬರುತ್ತದೆ, ಆದರೆ ಬಹುಪಾಲು ಹುಟ್ಟುವುದು ಮೈಯೊಳಗೇ. ಹೊರಗೆ ಹೋಗುವಾಗ ಮೂರರಲ್ಲಿ ಎರಡು ಪಾಲು ಮೂತ್ರಪಿಂಡದ ದಾರಿ ಹಿಡಿಯುತ್ತದೆ, ಉಳಿದದ್ದು ಕರುಳಿನದು. ಲೋಟದ ನೀರಿಗೆ ಉಪ್ಪು ಹಾಕುತ್ತಾ ಹೋದರೆ ಒಂದು ಹಂತದ ನಂತರ ಅದು ಕರಗದೆ ತಳಕ್ಕೆ ಕೂರುತ್ತದಲ್ಲ, ರಕ್ತದಲ್ಲೂ ಹಾಗೇ. ಒಂದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದ ಮೇಲೆ ಯೂರಿಕ್ ಆಸಿಡ್ ಸೂಜಿಮೊನೆಯ ಹರಳಾಗಿ ಕೀಲಿನಲ್ಲಿ ಕೂರಬಲ್ಲದು. ಕಾಲ್ಬೆರಳು ಮೈಯಲ್ಲೇ ತಣ್ಣನೆಯ ಜಾಗ, ಅಲ್ಲಿ ಇನ್ನೂ ಬೇಗ. ಆ ಹರಳನ್ನು ನಮ್ಮ ಬಿಳಿ ರಕ್ತಕಣಗಳು ಶತ್ರು ಎಂದುಕೊಂಡು ಮೇಲೆ ಬೀಳುತ್ತವೆ. ಅದೇ ಗೌಟ್ ದಾಳಿ.”

“ಮನೇಲಿ ನಾಲ್ಕು ಹಸು ಇದಾವೆ. ಅವಕ್ಕೆ ಇದು ಯಾಕೆ ಬರಲ್ಲ?”

“ಒಳ್ಳೆ ಪ್ರಶ್ನೆ. ಹಸುವಿನ ಮೈಯಲ್ಲಿ ಯೂರಿಕೇಸ್ ಎಂಬ ಕಿಣ್ವ ಇದೆ. ಅದು ಯೂರಿಕ್ ಆಸಿಡನ್ನು ಸುಲಭವಾಗಿ ಕರಗುವ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ಹೆಚ್ಚಿನ ಸಸ್ತನಿಗಳಿಗೆ ಆ ಅನುಕೂಲ ಇದೆ. ಮನುಷ್ಯರೂ ದೊಡ್ಡ ವಾನರಗಳೂ ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ಅದನ್ನು ಕಳೆದುಕೊಂಡವು. ಕೋಳಿಗೂ ಅದು ಇಲ್ಲ. ಕೋಳಿಯ ಹಿಕ್ಕೆಯಲ್ಲಿ ಬೆಳ್ಳಗೆ ಕಾಣುವುದು ಯೂರಿಕ್ ಆಸಿಡ್ಡೇ. ಅದಕ್ಕೇ ಫಾರಂ ಕೋಳಿಗಳಿಗೆ ಗೌಟ್ ಬರುತ್ತದೆ. ಸತ್ತ ಕೋಳಿ ಕೊಯ್ದಾಗ ಗುಂಡಿಗೆ, ಲಿವರ್ ಮೇಲೆ ಸುಣ್ಣದ ಹುಡಿ ಉದುರಿಸಿದ ಹಾಗೆ ಕಾಣುವುದುಂಟು.”

ಮೇಷ್ಟ್ರು ಹಳೆಯ ಶಾಸ್ತ್ರದ ಮಾತು ತೆಗೆದರು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತರಕ್ತಕ್ಕೆ ಒಂದು ಅಧ್ಯಾಯವೇ ಇದೆ, ಕೈಕಾಲಿನಲ್ಲಿ ಬೇರು ಬಿಟ್ಟು ಮೇಲೇರುವ ರೋಗ ಎಂದಿದೆ, ಸುಖವಾಗಿ ಉಂಡು ನಡೆದಾಡದೆ ಕೂರುವವರಿಗೆ ಬರುತ್ತದೆಂದೂ ಇದೆ ಎಂದು ನೆನಪಿಸಿದರು. ಹಾಸನದಲ್ಲೇ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಇರುವಾಗ ಇಂಗ್ಲಿಷ್ ಮದ್ದೇ ಏಕೆ ಎಂಬುದು ಅವರ ಪ್ರಶ್ನೆ.

“ರೋಗವನ್ನು ಅಷ್ಟು ಚೆನ್ನಾಗಿ ಗಮನಿಸಿದವರ ಮೇಲೆ ನನಗೆ ಗೌರವವಿದೆ,” ಅಂದರು ವೈದ್ಯೆ. “ಓದಿದ ಆಯುರ್ವೇದ ವೈದ್ಯರ ಹತ್ತಿರ ಹೋಗುವುದಾದರೆ ಹೋಗಿ. ಆದರೆ ಯಾವ ಪದ್ಧತಿಯ ಮದ್ದಾದರೂ ಯೂರಿಕ್ ಆಸಿಡ್ ಇಳಿಯಿತೇ, ಮೂತ್ರಪಿಂಡ ಚೆನ್ನಾಗಿದೆಯೇ ಎಂದು ಅಳೆದು ನೋಡಲೇಬೇಕು. ಹೆಸರಿಲ್ಲದ ಪೊಟ್ಟಣದ ಪುಡಿ ಮಾತ್ರ ಬೇಡ. ಒಂದೇ ದಿನದಲ್ಲಿ ನೋವು ಮಾಯವಾದರೆ ಅದರೊಳಗೆ ಸ್ಟಿರಾಯ್ಡ್ ಬೆರೆತಿದೆಯೇ ಎಂದು ಅನುಮಾನಿಸಿ.”

ಆಮೇಲೆ ಮಾತು ದಾಳಿಯ ರಾತ್ರಿಗೆ ಬಂತು. ಬೆಳೆಗಾರರಿಗೆ ಬೇಕಾಗಿದ್ದದ್ದು ಅದೇ: ನೋವು ಬಂದ ಕೂಡಲೇ ಏನು ಮಾಡಬೇಕು?

“ಮೂರು ಬಗೆಯ ಮದ್ದಿದೆ. ಒಂದು ಕಾಲ್ಚಿಸಿನ್. ಇನ್ನೊಂದು ನೆಪ್ರಾಕ್ಸೆನ್‌ನಂಥ ಉರಿಯೂತ ಇಳಿಸುವ ನೋವುನಿವಾರಕ. ಮೂರನೆಯದು ಕೆಲವೇ ದಿನಗಳ ಮಟ್ಟಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ. ಯಾವುದು ನಿಮಗೆ ಹೊಂದುತ್ತದೆ ಎಂಬುದು ನಿಮ್ಮ ಮೂತ್ರಪಿಂಡ, ಹೊಟ್ಟೆ, ಸಕ್ಕರೆ, ಹೃದಯದ ಸ್ಥಿತಿ ನೋಡಿ ತೀರ್ಮಾನವಾಗಬೇಕು. ಮೂರರಲ್ಲಿ ಯಾವುದೇ ಆದರೂ ಬೇಗ ಶುರುವಾದಷ್ಟೂ ಒಳ್ಳೆಯದು. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ, ಕಾಲಿಗೆ ವಿಶ್ರಾಂತಿ ಕೊಡಿ. ಬಿಸಿ ಕಾವು ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.”

“ಕಾಲ್ಚಿಸಿನ್ ಕೊಟ್ಟಿದ್ರು ಒಂದು ಸಲ. ಹೊಟ್ಟೆ ಕೆಟ್ಟು ಏಳಕ್ಕಾಗ್ಲಿಲ್ಲ.”

“ಹಳೆಯ ಕ್ರಮ ಹಾಗಿತ್ತು. ನೋವು ಹೋಗುವವರೆಗೆ, ಇಲ್ಲವೇ ಭೇದಿ ಶುರುವಾಗುವವರೆಗೆ ಗಂಟೆಗೊಂದರಂತೆ ನುಂಗಿಸುತ್ತಿದ್ದರು. 2010ರಲ್ಲಿ ಅಗ್ರೀ ಎಂಬ ಅಧ್ಯಯನದ ಫಲಿತಾಂಶ ಬಂತು. ಮೊದಲ ಒಂದು ಗಂಟೆಯಲ್ಲಿ ಒಟ್ಟು 1.8 ಮಿಲಿಗ್ರಾಂ ಕೊಟ್ಟರೂ, ಆರು ಗಂಟೆಯಲ್ಲಿ 4.8 ಮಿಲಿಗ್ರಾಂ ಕೊಟ್ಟರೂ ನೋವು ಇಳಿದದ್ದು ಸರಿಸುಮಾರು ಒಂದೇ. ಭೇದಿ ಮಾತ್ರ ಕಡಿಮೆ ಪ್ರಮಾಣದಲ್ಲಿ ತುಂಬ ಕಡಿಮೆ. ಈಗ ಕೊಡುವುದು ಆ ಸಣ್ಣ ಪ್ರಮಾಣವೇ.”

ಕಾಲ್ಚಿಸಿನ್ ಮೂಲತಃ ಗಿಡದ ಮದ್ದು ಎಂದು ತಿಳಿದಾಗ ಮೇಷ್ಟ್ರ ಮುಖ ಅರಳಿತು. ಯುರೋಪಿನ ಕಾಲ್ಚಿಕಮ್ ಗಡ್ಡೆಯಲ್ಲಿರುವ ಅದೇ ವಸ್ತು ನಮ್ಮ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಗೌರಿ ಹೂವಿನ ಗಡ್ಡೆಯಲ್ಲೂ ಬೀಜದಲ್ಲೂ ಇದೆ. ತಮಿಳುನಾಡಿನ ರಾಜ್ಯಪುಷ್ಪವೂ ಅದೇ. ಅಲ್ಲಿ ಬೀಜಕ್ಕಾಗಿಯೇ ಅದನ್ನು ಎಕರೆಗಟ್ಟಲೆ ಬೆಳೆಯುತ್ತಾರೆ. “ಆದರೆ ಬೇಲಿಯ ಗಡ್ಡೆ ಕಿತ್ತು ಅರೆಯುವ ಸಾಹಸ ಬೇಡವೇ ಬೇಡ,” ಎಂದು ವೈದ್ಯೆ ದನಿ ಏರಿಸಿ ಹೇಳಿದರು. “ಮದ್ದಿಗೂ ವಿಷಕ್ಕೂ ನಡುವಿನ ಅಂತರ ಅದರಲ್ಲಿ ತೀರ ಕಡಿಮೆ. ಆ ಗಡ್ಡೆ ತಿಂದು ಜನ ಸತ್ತಿದ್ದಾರೆ. ಮಾತ್ರೆಯೂ ಹಾಗೇ. ಮೂತ್ರಪಿಂಡ ಸೋತವರಿಗೆ ಪ್ರಮಾಣ ಇಳಿಸಬೇಕು. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಜೊತೆ ಸೇರಿದರೆ ಜೀವಕ್ಕೇ ಅಪಾಯ.”

“ಹಾಗಾದ್ರೆ ನನ್ನ ಇಂಜೆಕ್ಷನ್?”

“ಒಮ್ಮೆ ವೈದ್ಯರು ನೋಡಿ ಕೊಟ್ಟರೆ ಸರಿ. ವರ್ಷಕ್ಕೆ ಐದಾರು ಸಲ ಡೈಕ್ಲೊಫೆನಾಕ್, ಡೆಕ್ಸಾಮೆಥಸೋನ್ ಚುಚ್ಚಿಸಿಕೊಂಡರೆ ಒಂದು ಮೂತ್ರಪಿಂಡವನ್ನು ತಿನ್ನುತ್ತದೆ, ಇನ್ನೊಂದು ಸಕ್ಕರೆ, ಬಿಪಿ ಏರಿಸಿ ಮೂಳೆ ಸವೆಸುತ್ತದೆ. ಮುಖ್ಯವಾದದ್ದು ಬೇರೆ. ಇವು ಯಾವುವೂ ಹರಳನ್ನು ಮುಟ್ಟುವುದಿಲ್ಲ. ನೋವು ಹೋದರೂ ಹರಳು ಕೀಲಿನೊಳಗೆ ಕೂತೇ ಇರುತ್ತದೆ. ಅದಕ್ಕೇ ವರ್ಷಕ್ಕೊಂದು ಇದ್ದದ್ದು ಈಗ ಎರಡು ತಿಂಗಳಿಗೊಂದು ಆಗಿದೆ. ಹೀಗೇ ಬಿಟ್ಟರೆ ಬೆರಳ ಗೆಣ್ಣು, ಮೊಣಕೈ, ಕಿವಿಯಂಚಿನಲ್ಲಿ ಸುಣ್ಣದಂಥ ಗಂಟು ಕಟ್ಟುತ್ತದೆ. ಟೋಫಸ್ ಎನ್ನುತ್ತಾರೆ. ಅದು ಮೂಳೆಯನ್ನೇ ಕೊರೆಯುತ್ತದೆ.”

ಹರಳು ಕರಗಿಸುವ ಮದ್ದಿನ ವಿಷಯಕ್ಕೆ ಬಂದಾಗ ವೈದ್ಯೆ ಒಬ್ಬ ಹೆಣ್ಣುಮಗಳ ಕತೆ ಹೇಳಿದರು. ಗರ್ಟ್ರೂಡ್ ಎಲಿಯನ್ ನ್ಯೂಯಾರ್ಕಿನವರು. ಹೆಂಗಸು ಎಂಬ ಕಾರಣಕ್ಕೆ ಪ್ರಯೋಗಾಲಯಗಳಲ್ಲಿ ಕೆಲಸ ಸಿಗದೆ ಅಲೆದವರು, ಪಿಎಚ್‌ಡಿ ಮುಗಿಸಲು ಆಗದವರು. ಜಾರ್ಜ್ ಹಿಚಿಂಗ್ಸ್ ಜೊತೆ ರಕ್ತ ಕ್ಯಾನ್ಸರಿನ ಮದ್ದಿನ ಮೇಲೆ ಕೆಲಸ ಮಾಡುವಾಗ, ಆ ಮದ್ದು ಮೈಯಲ್ಲಿ ಬೇಗ ಒಡೆಯದಂತೆ ತಡೆಯಲು ಅಲೋಪ್ಯುರಿನಾಲ್ ಎಂಬ ವಸ್ತುವನ್ನು ಪ್ರಯೋಗಿಸಿದರು. ಅದು ಯೂರಿಕ್ ಆಸಿಡ್ ತಯಾರಾಗುವುದನ್ನೇ ತಡೆಯುತ್ತದೆ ಎಂಬುದು ಗೊತ್ತಾಯಿತು. 1966ರಲ್ಲಿ ಅಮೆರಿಕದಲ್ಲಿ ಗೌಟ್‌ಗೆ ಅನುಮತಿ ಸಿಕ್ಕಿತು. 1988ರಲ್ಲಿ ಎಲಿಯನ್, ಹಿಚಿಂಗ್ಸ್ ಇಬ್ಬರಿಗೂ ಜೇಮ್ಸ್ ಬ್ಲ್ಯಾಕ್ ಜೊತೆ ನೊಬೆಲ್ ಪ್ರಶಸ್ತಿ ಬಂತು.

“ಅರವತ್ತು ವರ್ಷದ ಮದ್ದನ್ನು ಆಧುನಿಕ ಚಿಕಿತ್ಸೆ ಅನ್ನುತ್ತೀರಲ್ಲ?” ಮೇಷ್ಟ್ರು ಕೇಳಿದರು.

“ಮದ್ದು ಹಳೆಯದು, ಕೊಡುವ ಕ್ರಮ ಹೊಸದು. ಮೊದಲು 100 ಮಿಲಿಗ್ರಾಂ ಬರೆದು ಅಲ್ಲಿಗೇ ನಿಲ್ಲಿಸುತ್ತಿದ್ದರು. ಈಗಲೂ ಎಷ್ಟೋ ಕಡೆ ಹಾಗೇ ನಡೆಯುತ್ತದೆ. ಈಗಿನ ಕ್ರಮದಲ್ಲಿ ಒಂದು ಗುರಿ ಇಟ್ಟುಕೊಳ್ಳುತ್ತೇವೆ: ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬರಬೇಕು. ಗಂಟು ಕಟ್ಟಿದವರಿಗೆ 5ಕ್ಕಿಂತ ಕೆಳಗೆ ಇಳಿಸಲು ನೋಡುತ್ತೇವೆ. ದಿನಕ್ಕೆ 100 ಮಿಲಿಗ್ರಾಂ, ಮೂತ್ರಪಿಂಡ ದುರ್ಬಲವಾಗಿದ್ದರೆ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ, ಕೆಲವು ವಾರಕ್ಕೊಮ್ಮೆ ರಕ್ತ ನೋಡುತ್ತಾ ಮೆಲ್ಲಗೆ ಏರಿಸುತ್ತೇವೆ. ಕೆಲವರಿಗೆ 300 ಸಾಕು, ಕೆಲವರಿಗೆ ಇನ್ನೂ ಹೆಚ್ಚು ಬೇಕು. 6ರ ಕೆಳಗೆ ಇಟ್ಟುಕೊಂಡರೆ ಕೂತ ಹರಳು ತಾನಾಗಿ ರಕ್ತಕ್ಕೆ ಕರಗಿ ಹೊರಗೆ ಹೋಗುತ್ತದೆ. ಕೀಲುರೋಗಗಳಲ್ಲಿ ಹೀಗೆ ಬುಡದಿಂದಲೇ ಹಿಡಿತಕ್ಕೆ ತರಬಹುದಾದವು ಬಹಳ ಕಡಿಮೆ. ಅಂಥದ್ದರಿಂದ ಜನ ವರ್ಷಗಟ್ಟಲೆ ನರಳುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.”

“ನಮ್ಮ ಭಾವಮೈದುನನೂ ಆ ಮಾತ್ರೆ ಶುರು ಮಾಡಿದ್ದ. ಶುರು ಮಾಡಿದ ತಿಂಗಳಲ್ಲೇ ಕಾಲು ಮತ್ತೆ ಊದಿತು. ಮಾತ್ರೆ ಆಗಲ್ಲ ಅಂತ ಬಿಸಾಕಿದ.”

“ಎಡವುವುದು ಅಲ್ಲೇ. ಹರಳು ಕರಗಲು ಶುರುವಾದಾಗ ಅದು ಕದಲುತ್ತದೆ, ಮೊದಲ ತಿಂಗಳುಗಳಲ್ಲಿ ದಾಳಿ ಬರುವುದು ಸಹಜ. ಅದಕ್ಕೇ ಮೂರರಿಂದ ಆರು ತಿಂಗಳು ಸಣ್ಣ ಪ್ರಮಾಣದ ಕಾಲ್ಚಿಸಿನ್ ಜೊತೆಗೆ ಕೊಡುತ್ತೇವೆ. ದಾಳಿ ಬಂದರೂ ಅಲೋಪ್ಯುರಿನಾಲ್ ನಿಲ್ಲಿಸಬಾರದು. ಇದನ್ನು ಮೊದಲ ದಿನವೇ ಹೇಳದಿದ್ದರೆ ರೋಗಿ ಮಾತ್ರೆಯನ್ನೇ ದೂರುತ್ತಾನೆ, ಅವನದು ತಪ್ಪಲ್ಲ.”

ನಿಲ್ಲಿಸಲೇಬೇಕಾದ ಸಂದರ್ಭವನ್ನೂ ಅವರು ಬಿಡಿಸಿ ಹೇಳಿದರು. ಅಪರೂಪಕ್ಕೆ ಕೆಲವರಿಗೆ ಈ ಮಾತ್ರೆ ಒಗ್ಗುವುದಿಲ್ಲ. ಶುರು ಮಾಡಿದ ಮೊದಲ ವಾರಗಳಲ್ಲಿ ಚರ್ಮದ ಮೇಲೆ ದದ್ದು ಎದ್ದರೆ, ಜ್ವರ ಬಂದರೆ, ಬಾಯಿ ಹುಣ್ಣಾದರೆ ಅದೇ ಹೊತ್ತಿಗೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಜಾಥಯೊಪ್ರಿನ್ ಎಂಬ ಮದ್ದು ತೆಗೆದುಕೊಳ್ಳುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಅಲೋಪ್ಯುರಿನಾಲ್ ಆಗದವರಿಗೆ ಫೆಬುಕ್ಸೊಸ್ಟಾಟ್ ಇದೆ, ಅಮೆರಿಕದಲ್ಲಿ 2009ರಿಂದ ಬಳಕೆಯಲ್ಲಿದೆ. 2018ರ ಕೇರ್ಸ್ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡ ಹೃದ್ರೋಗಿಗಳಲ್ಲಿ ಹೃದಯ ಸಂಬಂಧಿ ಸಾವು ಹೆಚ್ಚು ಕಂಡಿತು. 2020ರ ಫಾಸ್ಟ್ ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ. ಹಾಗಾಗಿ ಮೊದಲ ಆಯ್ಕೆ ಅಲೋಪ್ಯುರಿನಾಲ್. ಹೃದಯದ ತೊಂದರೆ ಇರುವವರು ಫೆಬುಕ್ಸೊಸ್ಟಾಟ್ ಶುರು ಮಾಡುವ ಮೊದಲು ತಮ್ಮ ವೈದ್ಯರ ಜೊತೆ ಮಾತಾಡುವುದು ಲೇಸು.

“ಎಷ್ಟು ದಿನ ತಿನ್ಬೇಕು?”

“ಬಿಪಿ ಮಾತ್ರೆಯಷ್ಟೇ ದಿನ. ನಿಲ್ಲಿಸಿದರೆ ಅಂಕಿ ಮತ್ತೆ ಏರುತ್ತದೆ, ಹರಳು ಮತ್ತೆ ಕೂರುತ್ತದೆ.”

ಈಗ ಮೇಷ್ಟ್ರ ಸರದಿ. ತಮ್ಮ 7.4 ಬಗ್ಗೆ ಅವರಿಗೆ ಇನ್ನೂ ಸಮಾಧಾನವಿರಲಿಲ್ಲ.

“ಮೇಷ್ಟ್ರೇ, ಅಂಕಿ ರೋಗವಲ್ಲ. ಯೂರಿಕ್ ಆಸಿಡ್ 9 ದಾಟಿದವರಲ್ಲೂ ಮುಂದಿನ ಐದು ವರ್ಷದಲ್ಲಿ ಗೌಟ್ ಬರುವುದು ಐವರಲ್ಲಿ ಒಬ್ಬರಿಗೆ ಮಾತ್ರ. ಹಾಗಾದರೆ ಅಂಕಿ ಇಳಿಸಿದರೆ ಹೃದಯಕ್ಕೋ ಮೂತ್ರಪಿಂಡಕ್ಕೋ ಲಾಭವೇ ಎಂದು ದೊಡ್ಡ ಅಧ್ಯಯನಗಳು ನಡೆದವು. 2020ರಲ್ಲಿ ಎರಡು ಅಧ್ಯಯನಗಳಲ್ಲಿ ಅಲೋಪ್ಯುರಿನಾಲ್ ಮೂತ್ರಪಿಂಡದ ಕಾಯಿಲೆಯ ಓಟವನ್ನು ತಡೆಯಲಿಲ್ಲ. 2022ರ ಆಲ್-ಹಾರ್ಟ್ ಅಧ್ಯಯನದಲ್ಲಿ ಗೌಟ್ ಇಲ್ಲದ ಹೃದ್ರೋಗಿಗಳಿಗೆ ಅದರಿಂದ ಉಪಯೋಗ ಕಾಣಲಿಲ್ಲ. 2020ರಲ್ಲೇ ಬಂದ ಅಮೆರಿಕದ ಕೀಲುರೋಗ ತಜ್ಞರ ಸಂಘದ ಮಾರ್ಗಸೂಚಿ ನೋವಿಲ್ಲದೆ ಅಂಕಿ ಮಾತ್ರ ಹೆಚ್ಚಿರುವವರಿಗೆ ಮಾತ್ರೆ ಶುರು ಮಾಡುವುದು ಬೇಡ ಅನ್ನುತ್ತದೆ. ವರ್ಷಕ್ಕೆ ಎರಡು ಸಲ ಅಥವಾ ಹೆಚ್ಚು ದಾಳಿ, ಗಂಟು, ಎಕ್ಸ್‌ರೇಯಲ್ಲಿ ಕೀಲಿನ ಹಾನಿ, ಇವುಗಳಲ್ಲಿ ಒಂದಿದ್ದರೂ ಶುರು ಮಾಡಲೇಬೇಕು. ಮೊದಲ ದಾಳಿಯೇ ಆದರೂ ಮೂತ್ರಪಿಂಡದ ಕಾಯಿಲೆಯೋ ಕಲ್ಲೋ ಇದ್ದರೆ, ಅಂಕಿ 9 ದಾಟಿದ್ದರೆ ಆಗಲೇ ಯೋಚಿಸಬೇಕು.”

“ಮತ್ತೆ ನನ್ನ ಮಂಡಿ?”

“ಅದು ಸವೆತದ ನೋವಿನ ಲಕ್ಷಣ. 1996ರಲ್ಲಿ ಪುಣೆ ಜಿಲ್ಲೆಯ ಭಿಗ್ವಣ್ ಎಂಬ ಹಳ್ಳಿಯಲ್ಲಿ ಮನೆಮನೆ ಸಮೀಕ್ಷೆ ಮಾಡಿದರು. ವಯಸ್ಕರಲ್ಲಿ ನೂರಕ್ಕೆ ಸುಮಾರು ಹದಿನೆಂಟು ಜನರಿಗೆ ಕೀಲು, ಸ್ನಾಯು, ಮೂಳೆಯ ನೋವಿತ್ತು. ಗೌಟ್ ಇದ್ದದ್ದು ಸಾವಿರಕ್ಕೊಬ್ಬರ ಆಸುಪಾಸು. ಹಳ್ಳಿಯ ಕೀಲುನೋವಿನಲ್ಲಿ ಗೌಟ್ ಸಣ್ಣ ಪಾಲು. 2006ರಲ್ಲಿ ಚಿಕುನ್‌ಗುನ್ಯಾ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿದಿರಬಹುದೆಂಬ ಲೆಕ್ಕವಿದೆ. ಅದರ ಕೀಲುನೋವು ತಿಂಗಳುಗಟ್ಟಲೆ ಕಾಡಿತು. ಪಕ್ಕದ ಅರಸೀಕೆರೆ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಅದರಿಂದಲೂ ಕೀಲು ಬಿಗಿಯುತ್ತದೆ. ಎಲ್ಲಕ್ಕೂ ಯೂರಿಕ್ ಆಸಿಡ್ ಎಂದರೆ ನಿಜವಾದ ಕಾರಣ ಮುಚ್ಚಿಹೋಗುತ್ತದೆ.”

ತಿರುಗುಮುರುಗು ಕೂಡ ಆಗುತ್ತದೆ ಎಂದರು ವೈದ್ಯೆ. ದಾಳಿಯ ದಿನವೇ ರಕ್ತ ಪರೀಕ್ಷಿಸಿದರೆ ಯೂರಿಕ್ ಆಸಿಡ್ ಕೆಲವೊಮ್ಮೆ ಸರಿಯಾಗಿಯೇ ಕಾಣುತ್ತದೆ. ಅಂಥವರು ನೋವು ಇಳಿದ ಎರಡು ಮೂರು ವಾರಕ್ಕೆ ಮತ್ತೊಮ್ಮೆ ನೋಡಿಸಬೇಕು. ಖಚಿತ ಸಾಕ್ಷಿ ಬೇಕಾದರೆ ಕೀಲಿನ ನೀರು ತೆಗೆದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹರಳು ಹುಡುಕುವುದು 1961ರಿಂದ ಬಂದ ವಿಧಾನ. ಈಗ ಅಲ್ಟ್ರಾಸೌಂಡಿನಲ್ಲೂ ಎರಡು ಶಕ್ತಿಯ ಕಿರಣ ಬಳಸುವ ಸಿಟಿ ಸ್ಕ್ಯಾನಿನಲ್ಲೂ ಹರಳು ಕಾಣುತ್ತದೆ. ಕೀಲು ಕೆಂಪಾಗಿ ಊದುವುದರ ಜೊತೆಗೆ ಚಳಿಜ್ವರ ಬಂದರೆ ಕೀಲಿನೊಳಗೆ ಕೀವಾಗಿರಬಹುದು. ಆಗ ಗೌಟ್ ಎಂದುಕೊಂಡು ಮನೆಯಲ್ಲಿ ಕೂರಬಾರದು, ಅವತ್ತೇ ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋಗಬೇಕು.

ಮೇಷ್ಟ್ರು ತಮ್ಮ ಮಾತ್ರೆಯನ್ನು ನಾಳೆಯೇ ಬಿಡಲೇ ಎಂದು ಕೇಳಿದರು. “ಬರೆದುಕೊಟ್ಟ ವೈದ್ಯರ ಹತ್ತಿರವೇ ಈ ಪ್ರಶ್ನೆ ಹಿಡಿದು ಹೋಗಿ,” ಅಂದರು ವೈದ್ಯೆ. “ಸೊಪ್ಪು, ಕಾಳು ಮಾತ್ರ ಇವತ್ತಿನಿಂದಲೇ ತಿನ್ನಿ.”

ಊಟದ ವಿಷಯ ಬಂದ ಕೂಡಲೇ ಜಗಲಿಗೆ ಒಳಗಿನವರೂ ಬಂದರು. ಯಾರ ಮನೆಯಲ್ಲೂ ಇದೇ ಗೊಂದಲ.

“2004ರಲ್ಲಿ ಅಮೆರಿಕದ 47 ಸಾವಿರ ಗಂಡಸರನ್ನು ಹನ್ನೆರಡು ವರ್ಷ ಹಿಂಬಾಲಿಸಿದ ಅಧ್ಯಯನ ಪ್ರಕಟವಾಯಿತು,” ವೈದ್ಯೆ ಹೇಳಿದರು. “ಮಾಂಸ, ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚು ಬಂತು. ಪ್ಯೂರಿನ್ ಇರುವ ಸೊಪ್ಪು, ತರಕಾರಿ, ಕಾಳು ತಿಂದವರಿಗೆ ಹೆಚ್ಚಾಗಲಿಲ್ಲ. ಹಾಲು, ಮೊಸರು ಬಳಸಿದವರಿಗೆ ಕಡಿಮೆಯೇ ಆಯಿತು. ಡೇರಿಗೆ ಹಾಲು ಹಾಕುವ ಊರು ಇದು. ಮಜ್ಜಿಗೆ ಕುಡಿಯಿರಿ. ಹುರುಳಿಕಾಳಿನ ಬಸ್ಸಾರು, ಅವರೆಕಾಳು, ರಾಗಿಮುದ್ದೆ ಯಾವುದನ್ನೂ ಬಿಡಬೇಕಾಗಿಲ್ಲ.”

“ಬಾಡೂಟ?”

“ಹಬ್ಬಕ್ಕೊಂದು ದಿನ ಮಿತವಾಗಿ ತಿಂದರೆ ಪ್ರಪಂಚ ಮುಳುಗದು. ಲಿವರ್, ಬೋಟಿ, ಗುರ್ದಾ ಬಿಡಿ. ಬಂಗುಡೆ, ಬೂತಾಯಿ ಕಡಿಮೆ ಮಾಡಿ. ಮದ್ಯದಲ್ಲಿ ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು, ಬೇರೆಯದೂ ಒಳ್ಳೆಯದಲ್ಲ. ಜನರಿಗೆ ಗೊತ್ತಿಲ್ಲದ ಇನ್ನೊಂದಿದೆ: ಸಕ್ಕರೆಯ ತಂಪು ಪಾನೀಯ. ಅದರಲ್ಲಿನ ಫ್ರಕ್ಟೋಸ್ ಮೈಯಲ್ಲಿ ಯೂರಿಕ್ ಆಸಿಡ್ ಹೆಚ್ಚಿಸುತ್ತದೆ. 2008ರ ಒಂದು ಅಧ್ಯಯನದಲ್ಲಿ ದಿನಕ್ಕೆ ಎರಡು ಅಥವಾ ಹೆಚ್ಚು ಕುಡಿದವರಿಗೆ ಗೌಟ್ ಬರುವ ಸಾಧ್ಯತೆ ನೂರಕ್ಕೆ 85ರಷ್ಟು ಹೆಚ್ಚಿತ್ತು. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂದು ಧಾರಾಳವಾಗಿ ತಿನ್ನಬೇಡಿ, ಫ್ರಕ್ಟೋಸ್ ಅದರಲ್ಲೂ ಇದೆ.”

“ಎಳನೀರು?”

“ಮೂತ್ರಪಿಂಡ ಚೆನ್ನಾಗಿದ್ದರೆ ಕುಡಿಯಿರಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಸೋತವರು ಕೇಳಿಯೇ ಕುಡಿಯಬೇಕು. ಬಿಸಿಲಲ್ಲಿ ತೋಟದ ಕೆಲಸ ಮಾಡುವಾಗ ನೀರು ಕುಡಿಯುವುದು ಬಿಡಬೇಡಿ. ನಿರ್ಜಲೀಕರಣವೂ ದಾಳಿಯನ್ನು ಕರೆಯುತ್ತದೆ, ಕಲ್ಲನ್ನೂ ಕಟ್ಟಿಸುತ್ತದೆ. ಆದರೆ ಒಂದು ಮಾತು ನೆನಪಿರಲಿ. ಪಥ್ಯದಿಂದ ಇಳಿಯುವುದು ಸುಮಾರು ಒಂದು ಅಂಕಿ. ನಿಮ್ಮ 8.9 ಪಥ್ಯದಿಂದ 6ಕ್ಕೆ ಬರುವುದಿಲ್ಲ. ತಿಂದು ಬಂದ ರೋಗ ಎಂದು ಯಾರನ್ನೂ ಹಳಿಯಬೇಡಿ. ಬಹುತೇಕರಿಗೆ ಇದು ವಂಶದಿಂದ ಬಂದ, ಮೂತ್ರಪಿಂಡ ಸಾಕಷ್ಟು ಹೊರಹಾಕದ ತೊಂದರೆ.”

ಬೆಳೆಗಾರರು ದಿನಾ ತೆಗೆದುಕೊಳ್ಳುವ ಬಿಪಿ ಮಾತ್ರೆಯ ಪಟ್ಟಿಯನ್ನು ವೈದ್ಯೆ ತಿರುಗಿಸಿ ನೋಡಿದರು. ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿತ್ತು. ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಈ ಮದ್ದು ಯೂರಿಕ್ ಆಸಿಡ್ ಏರಿಸುತ್ತದೆ. ಲೊಸಾರ್ಟಾನ್ ಎಂಬ ಬಿಪಿ ಮಾತ್ರೆ ಅದನ್ನು ಸ್ವಲ್ಪ ಇಳಿಸುತ್ತದೆ. “ನೀವೇ ಬದಲಿಸಬೇಡಿ, ಬಿಪಿ ನೋಡುವ ವೈದ್ಯರಿಗೆ ಗೌಟ್ ಇದೆ ಎಂದು ಹೇಳಿ. ಅಷ್ಟು ಹೇಳಿದರೆ ಅವರೇ ಯೋಚಿಸುತ್ತಾರೆ,” ಅಂದರು. ಕ್ಷಯಕ್ಕೆ ಕೊಡುವ ಪೈರಜಿನಮೈಡ್ ಕೂಡ ಯೂರಿಕ್ ಆಸಿಡ್ ಏರಿಸುತ್ತದೆ. ಕೀಲು ನೋಯುತ್ತದೆಂದು ಕ್ಷಯದ ಮದ್ದು ಮಾತ್ರ ಯಾರೂ ನಿಲ್ಲಿಸಬಾರದು.

ಗೌಟ್ ಒಂಟಿಯಾಗಿ ಬರುವುದು ಕಡಿಮೆ. ಅದರ ಜೊತೆ ಏರಿದ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಮೂತ್ರಪಿಂಡದ ಕಲ್ಲು, ಮೂತ್ರಪಿಂಡ ಸೋಲುವುದು, ಹೃದ್ರೋಗ ಬರುತ್ತವೆ. 2022ರಲ್ಲಿ ಇಂಗ್ಲೆಂಡಿನ ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದರಲ್ಲಿ ಗೌಟ್ ದಾಳಿಯ ನಂತರದ ನಾಲ್ಕು ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡವು. ಹೆಂಗಸರಿಗೆ ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಕಾವಲಿರುತ್ತದೆ, ಆಮೇಲೆ ಅವರಿಗೂ ಗೌಟ್ ಬರುತ್ತದೆ, ಎಷ್ಟೋ ಸಲ ಕೈಬೆರಳಿನಲ್ಲಿ.

“ಸಕ್ಕರೆ ಕಾಯಿಲೆಗೆ ಈಚೆಗೆ ಬಂದ ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಮಾತ್ರೆಗಳು ಸಕ್ಕರೆಯ ಜೊತೆ ಯೂರಿಕ್ ಆಸಿಡನ್ನೂ ಇಳಿಸುತ್ತವೆ, ಹೃದಯ ಮೂತ್ರಪಿಂಡಗಳಿಗೂ ಒಳ್ಳೆಯದು ಮಾಡುತ್ತವೆ,” ವೈದ್ಯೆ ಮುಂದುವರಿಸಿದರು. “ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದು ಬೆಲೆ ಇಳಿದಿದೆ. ಕಾಲ್ಚಿಸಿನ್ ಕೂಡ ಹೃದಯದ ಮದ್ದಾಗುತ್ತಿದೆ. 2020ರ ಲೊಡೊಕೊ-2 ಅಧ್ಯಯನದಲ್ಲಿ ದಿನಕ್ಕೆ 0.5 ಮಿಲಿಗ್ರಾಂ ತೆಗೆದುಕೊಂಡ ಹೃದ್ರೋಗಿಗಳಿಗೆ ಅಪಾಯ ಕಡಿಮೆಯಾಯಿತು. 2024ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಹೃದಯಾಘಾತದ ಬೆನ್ನಿಗೇ ಕೊಟ್ಟಾಗ ಲಾಭ ಕಾಣಲಿಲ್ಲ. ಆ ಚರ್ಚೆ ಇನ್ನೂ ನಡೆದಿದೆ.”

ತೀರ ಕಷ್ಟದ ರೋಗಿಗಳಿಗೆ ಇನ್ನೂ ಮುಂದಿನ ಮದ್ದುಗಳಿವೆ. ನಾವು ಕಳೆದುಕೊಂಡ ಯೂರಿಕೇಸ್ ಕಿಣ್ವವನ್ನೇ ಪೆಗ್ಲೊಟಿಕೇಸ್ ರೂಪದಲ್ಲಿ ರಕ್ತನಾಳಕ್ಕೆ ಎರಡು ವಾರಕ್ಕೊಮ್ಮೆ ಕೊಡಲು ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು. ಉರಿಯೂತದ ಇಂಟರ್‌ಲ್ಯೂಕಿನ್-1 ಸಂಕೇತವನ್ನು ತಡೆಯುವ ಕೆನಕಿನ್ಯುಮ್ಯಾಬ್ ಚುಚ್ಚುಮದ್ದಿಗೆ ಅಲ್ಲಿ ಗೌಟ್ ದಾಳಿಗೆಂದು 2023ರಲ್ಲಿ ಅನುಮತಿ ಬಂತು. ಎರಡೂ ವಿಪರೀತ ದುಬಾರಿ, ಎರಡೂ ಬೇಕಾಗುವುದು ಕೆಲವೇ ಜನರಿಗೆ.

“ನಮಗೆ ಬೇಕಾದದ್ದು ಅದಲ್ಲ ಬಿಡಿ,” ಅಂದರು ಬೆಳೆಗಾರ. “ನಮ್ಮೂರಲ್ಲಿ ಏನಾಗ್ಬೇಕು, ಅದು ಹೇಳಿ.”

“2018ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನಡೆದದ್ದು ಕೇಳಿ. 517 ಗೌಟ್ ರೋಗಿಗಳು. ಅರ್ಧದಷ್ಟು ಜನ ಎಂದಿನಂತೆ ತಮ್ಮ ವೈದ್ಯರ ಹತ್ತಿರ ಹೋದರು. ಉಳಿದವರನ್ನು ತರಬೇತಾದ ನರ್ಸ್‌ಗಳು ನೋಡಿಕೊಂಡರು. ಹರಳು ಹೇಗೆ ಕೂರುತ್ತದೆ, ಮೊದಲ ತಿಂಗಳು ದಾಳಿ ಏಕೆ ಬರಬಹುದು, ಅಂಕಿ ಎಷ್ಟಕ್ಕೆ ಇಳಿಯಬೇಕು ಎಂದು ಕೂರಿಸಿಕೊಂಡು ತಿಳಿಸಿದರು, ಮತ್ತೆ ಮತ್ತೆ ಅಳೆದು ಮಾತ್ರೆ ಏರಿಸಿದರು. ಎರಡು ವರ್ಷದ ನಂತರ 6ರ ಗುರಿ ಮುಟ್ಟಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 30, ನರ್ಸ್‌ಗಳ ಗುಂಪಿನಲ್ಲಿ ನೂರಕ್ಕೆ 95. ಹೊಸ ಮದ್ದೇನೂ ಅಲ್ಲ, ಬಹುಪಾಲು ಅದೇ ಅಲೋಪ್ಯುರಿನಾಲ್.”

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮ ಸರ್ಕಾರಿ ಆಸ್ಪತ್ರೆಯಲ್ಲೂ ನರ್ಸ್‌ಗಳಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡಲು ಮನೆಗೇ ಬರುವ ಏರ್ಪಾಡಿದೆ. ‘ಕಾಲ ಹೆಬ್ಬೆರಳು ಊದಿತ್ತೇ’ ಎಂದು ಒಂದು ಪ್ರಶ್ನೆ ಸೇರಿಸಿದರೆ ಆಗುವುದಿಲ್ಲವೇ?” ಎಂದರು.

“ಆಗಬೇಕು. ಅಲೋಪ್ಯುರಿನಾಲ್, ಕಾಲ್ಚಿಸಿನ್ ಎರಡೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ, ಅಲೋಪ್ಯುರಿನಾಲ್ ಅಗ್ಗದ ಮಾತ್ರೆ. ಮದ್ದಿಗೆ ಬರವಿಲ್ಲ. ಬರವಿರುವುದು ಕೂರಿಸಿಕೊಂಡು ಹೇಳುವ ಹೊತ್ತಿಗೆ, ಮತ್ತೆ ಕರೆದು ಅಳೆಯುವ ಅಭ್ಯಾಸಕ್ಕೆ.”

ಒಂದು ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 5.58 ಕೋಟಿ ಜನ ಗೌಟ್ ರೋಗಿಗಳಿದ್ದರು. ನುಗ್ಗೇಹಳ್ಳಿಯ ಬೆಳೆಗಾರರಂಥವರೂ ಅವರಲ್ಲಿ ಸೇರುತ್ತಾರೆ. ಅವರು ಮಾಡಬೇಕಾದದ್ದು ಇಷ್ಟು: ಹೆಬ್ಬೆರಳು ಒಮ್ಮೆ ಹಾಗೆ ಊದಿ ಇಳಿದಿದ್ದರೂ ವೈದ್ಯರಿಗೆ ತೋರಿಸಬೇಕು. ಯೂರಿಕ್ ಆಸಿಡ್ ಜೊತೆ ಕ್ರಿಯಾಟಿನಿನ್, ಸಕ್ಕರೆ, ಕೊಲೆಸ್ಟ್ರಾಲ್, ಬಿಪಿ ನೋಡಿಸಬೇಕು. ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಅಂಕಿ 6ರ ಕೆಳಗೆ ಬರುವವರೆಗೂ, ಬಂದ ಮೇಲೂ ಬಿಡಬಾರದು. ಊದದ ಕಾಲಿನವರು ಚೀಟಿಯ ಅಂಕಿ ನೋಡಿ ಹೆದರಿ ಮಾತ್ರೆ ನುಂಗಬಾರದು, ಸೊಪ್ಪು ಕಾಳು ಬಿಡಬಾರದು. ಮುಂದಿನ ಸಲ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ ಅವರು ಕೇಳದಿದ್ದರೂ ನೀವೇ ಹೇಳಿ.